ಒಂಟಿಗಣ್ಣಿಗಾಗಿ ಕಟ್ಟಿದ ಹಿಮಾಲಯ

1947ರ 'ಬ್ಲ್ಯಾಕ್ ನಾರ್ಸಿಸಸ್' ಚಿತ್ರದ ಕಥೆ ನಡೆಯುವುದು ಹಿಮಾಲಯದ ಒಂದು ಹಳೇ ಅರಮನೆಯಲ್ಲಿ. ಬಂಡೆಯ ಅಂಚಿಗೇ ಗಂಟೆ, ಅದರ ಕೆಳಗೆ ನೋಡಿದರೆ ತಲೆ ತಿರುಗುವ ಪ್ರಪಾತ. ಚಿತ್ರತಂಡ ಮಾತ್ರ ಶೂಟಿಂಗಿಗೆ ಭಾರತದ ಕಡೆ ತಲೆ ಹಾಕಲೇ ಇಲ್ಲ. ಹೆಚ್ಚಿನದ್ದೆಲ್ಲ ಲಂಡನ್ ಪಕ್ಕದ ಪೈನ್‌ವುಡ್ ಸ್ಟುಡಿಯೋದಲ್ಲೇ ಮುಗಿಯಿತು. ಭಾರತದ್ದು ಅನ್ನಿಸುವ ಗಿಡಮರ ಬೇಕಾದಾಗ ಸಸೆಕ್ಸ್‌ನ ಒಂದು ತೋಟಕ್ಕೆ ಹೋದರು. ಅಂದಹಾಗೆ, ಚಿತ್ರದಲ್ಲಿ ರಾಜಕುಮಾರನಾಗಿ ಮಿಂಚುವ ಸಾಬು ನಮ್ಮ ಮೈಸೂರು ಸೀಮೆಯ ಕಾರಾಪುರದ ಮಾವುತರ ಮನೆಯ ಹುಡುಗ.

ಈ ಹಿಮಾಲಯದ ಹಿಂದೆ ಇದ್ದವರು ಕಲಾ ನಿರ್ದೇಶಕ ಆಲ್ಫ್ರೆಡ್ ಯುಂಗೆ. ಹುಟ್ಟಿದ್ದು 1886ರಲ್ಲಿ, ಜರ್ಮನಿಯ ಗೊರ್ಲಿಟ್ಸ್‌ನಲ್ಲಿ. ನಾಟಕದ ರಂಗಸಜ್ಜಿಕೆಯಿಂದ ಶುರು ಮಾಡಿ, ಬರ್ಲಿನ್‌ನ ಉಫಾ ಸ್ಟುಡಿಯೋದಲ್ಲಿ ಪಳಗಿ, 1920ರ ದಶಕದ ಕೊನೆಗೆ ಬ್ರಿಟನ್‌ಗೆ ಬಂದರು. 1930ರ ದಶಕದಲ್ಲಿ ಗೋಮಾಂಟ್-ಬ್ರಿಟಿಷ್ ಕಂಪನಿಯ ಕಲಾ ವಿಭಾಗ ಅವರ ಕೈಯಲ್ಲಿತ್ತು. ಕಲಾ ನಿರ್ದೇಶಕ ಅಂದರೆ ಸುಮ್ನೆ ಚಿತ್ರ ಬರೆದುಕೊಟ್ಟು ಹೋಗುವವರಲ್ಲ. ನಕ್ಷೆ ಹಾಕುವವರು, ಬಡಗಿಗಳು, ಗಾರೆಯವರು, ಪೇಂಟರ್‌ಗಳು, ಎಲ್ಲರಿಗೂ ಅವರೇ ಮೇಸ್ತ್ರಿ.

ಅವರ ಕೈಚಳಕಕ್ಕೆ ಆಧಾರ ಒಂದೇ: ಕ್ಯಾಮೆರಾಗೆ ಇರುವುದು ಒಂದೇ ಕಣ್ಣು. ನಮ್ಮ ಎರಡು ಕಣ್ಣಿಗೆ ಕಾಣುವ ಚಿತ್ರಗಳಲ್ಲಿ ಚೂರು ವ್ಯತ್ಯಾಸವಿರುತ್ತದೆ. ಹತ್ತಿರದ ವಸ್ತು ಎಷ್ಟು ದೂರದಲ್ಲಿದೆ ಎಂದು ಮಿದುಳು ಅದರಿಂದಲೂ ಲೆಕ್ಕ ಹಾಕುತ್ತದೆ. ತಲೆ ಆಡಿಸಿದರೆ ಹತ್ತಿರದ್ದು ಜಾಸ್ತಿ ಸರಿಯುತ್ತದೆ, ದೂರದ್ದು ಕಮ್ಮಿ. ಅಲುಗದೆ ನಿಂತ ಒಂದು ಲೆನ್ಸ್‌ಗೆ ಈ ಎರಡು ಸುಳಿವೂ ಸಿಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಕೋನ ಮಾತ್ರ. 100 ಮೀಟರ್ ದೂರದ 5 ಮೀಟರ್ ಗೋಡೆಯೂ, 2 ಮೀಟರ್ ದೂರದ 10 ಸೆಂಟಿಮೀಟರ್ ಮಾದರಿಯೂ ಅದರ ಪಾಲಿಗೆ ಒಂದೇ ಎತ್ತರ! ಹಾಗಾಗಿ ಸೆಟ್ಟಿನ ಕೆಳಭಾಗವನ್ನಷ್ಟೇ ನಿಜವಾಗಿ ಕಟ್ಟಿ, ಮೇಲ್ಭಾಗದ ಪುಟ್ಟ ಮಾದರಿಯನ್ನು ಕ್ಯಾಮೆರಾ ಮುಂದೆ ತೂಗುಬಿಟ್ಟರೆ ಸಾಕು. ಆದರೆ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಫೋಕಸ್‌ನಲ್ಲಿರಬೇಕಲ್ವಾ? ಅದಕ್ಕೆ ಲೆನ್ಸ್‌ನ ಕಿಂಡಿಯನ್ನು ಕಿರಿದು ಮಾಡಬೇಕು. ಕಿಂಡಿ ಕಿರಿದಾದಷ್ಟೂ ಬೆಳಕು ಜಾಸ್ತಿ ಬೇಕು. ಬಣ್ಣದ ಚಿತ್ರಕ್ಕಾಗಿ ಬೆಳಕನ್ನು ಮೂರು ಫಿಲ್ಮ್‌ಗಳಿಗೆ ಹಂಚುತ್ತಿದ್ದ ಅಂದಿನ ಟೆಕ್ನಿಕಲರ್ ಕ್ಯಾಮೆರಾಗಂತೂ ಎಷ್ಟು ದೀಪ ಹಾಕಿದರೂ ಸಾಲದು.

1946ರ 'ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್' ಚಿತ್ರಕ್ಕೆ ಪರಲೋಕಕ್ಕೆ ಹೋಗುವ ಮೆಟ್ಟಿಲು ಬೇಕಿತ್ತು. 106 ಮೆಟ್ಟಿಲುಗಳ, 20 ಅಡಿ ಅಗಲದ ನಿಜವಾದ ಎಸ್ಕಲೇಟರನ್ನೇ ಕಟ್ಟಿಸಿದರು. ಅದಕ್ಕೆ 'ಎಥೆಲ್' ಅಂತ ಹೆಸರೂ ಬಿತ್ತು. ಅಷ್ಟಾದರೂ ಪೂರ್ತಿ ಮೆಟ್ಟಿಲು ಕಾಣುವ ಶಾಟ್‌ಗೆ ತೂಗುವ ಮಾದರಿಗಳೇ ಬೇಕಾದವು. ಯಂತ್ರದ ಸದ್ದು ಎಷ್ಟಿತ್ತೆಂದರೆ ಅಲ್ಲಿನ ಮಾತುಗಳನ್ನೆಲ್ಲ ಆಮೇಲೆ ಡಬ್ ಮಾಡಬೇಕಾಯಿತು.

ಹಿಮಾಲಯಕ್ಕೆ ಇನ್ನೊಂದು ಉಪಾಯ. ಫ್ರೇಮಿನ ಒಂದು ಭಾಗ ಮುಚ್ಚಿ ನಟರನ್ನು ಚಿತ್ರೀಕರಿಸುವುದು, ಖಾಲಿ ಉಳಿದ ಜಾಗಕ್ಕೆ ಪೇಂಟಿಂಗ್ ಕೂರಿಸುವುದು. ಈ ಕೆಲಸದಲ್ಲಿ ಪರ್ಸಿ ಡೇ ಎತ್ತಿದ ಕೈ. ದೂರದ ಬೆಟ್ಟ ಗಾಳಿಯಲ್ಲಿ ಚದುರಿದ ಬೆಳಕಿನಿಂದ ನೀಲಿಯಾಗಿ, ಮಸುಕಾಗಿ ಕಾಣುತ್ತದೆ. ಬಣ್ಣದಲ್ಲಿ ಅದು ಬಂದರೆ ಕಣ್ಣು ಮೈಲಿಗಟ್ಟಲೆ ದೂರ ನಂಬಿಬಿಡುತ್ತದೆ. ಕೆಲವು ಕಡೆ ದೊಡ್ಡದು ಮಾಡಿದ ಕಪ್ಪುಬಿಳುಪು ಫೋಟೋಗಳ ಮೇಲೆ ಬಣ್ಣದ ಚಾಕ್ ತೀಡಿದ್ದೂ ಉಂಟು.

'ಬ್ಲ್ಯಾಕ್ ನಾರ್ಸಿಸಸ್' ಚಿತ್ರಕ್ಕೆ ಯುಂಗೆ ಅವರಿಗೆ ಆಸ್ಕರ್ ಬಂತು. ಆಮೇಲೆ ಹಾಲಿವುಡ್ ಕಂಪನಿ ಎಂಜಿಎಂನ ಬ್ರಿಟಿಷ್ ಸ್ಟುಡಿಯೋದ ಕಲಾ ವಿಭಾಗಕ್ಕೆ ಮುಖ್ಯಸ್ಥರಾದರು. 1953ರ ಹೊತ್ತಿಗೆ ಸಿನೆಮಾಸ್ಕೋಪ್ ಎಂಬ ಅಗಲ ಪರದೆಯ ವಿಧಾನ ಬಂತು, ಪರದೆಯ ಅಗಲ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಆಗ ಅವರಿಗೆ ಅರವತ್ತೇಳು ವರ್ಷ. ಬ್ರಿಟನ್ನಿನ ದಂತಕಥೆಯ ಆರ್ಥರ್ ರಾಜನ ಕಥೆಯ ಒಂದು ಚಿತ್ರಕ್ಕಾಗಿ ಆ ಉದ್ದನೆಯ ಫ್ರೇಮನ್ನೂ ತುಂಬಿಸಿದರು. ಅದಕ್ಕೂ ಆಸ್ಕರ್ ನಾಮನಿರ್ದೇಶನ ಸಿಕ್ಕಿತು.