ಫಲಕದ ಕನ್ನಡಕ್ಕೆ ಎತ್ತರ ಬೇಕು

ಬೆಳಗಾವಿಯ ಖಡೇಬಜಾರಿನಂಥ ಪೇಟೆಯಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಒಂದೇ ಫಲಕ ಹಂಚಿಕೊಳ್ಳುವುದು ಮಾಮೂಲು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿ. ಜಾಗವೇನೋ ಸಿಕ್ಕಿತು. ಆ ಜಾಗದಲ್ಲಿ ಕನ್ನಡವನ್ನು ಇಂಗ್ಲಿಷಿನ ಅಳತೆಗೇ ಕೂರಿಸಿದರೆ ಮಾತ್ರ ರಸ್ತೆಯಾಚೆ ನಿಂತವರಿಗೆ ಓದಲಾಗದು.

ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರ. ಸಾಲಿಗೆ ಒಂದು ಅಡಿ ಕೊಟ್ಟರೆ ಅಕ್ಷರವೂ ಹೆಚ್ಚುಕಡಿಮೆ ಒಂದು ಅಡಿಯೇ. ‘ಬಸವೇಶ್ವರ ಸ್ಟೋರ್ಸ್’ ಎಂದು ಬರೆಯುವಾಗ ಹಾಗಲ್ಲ: ಮೇಲೆ ತಲೆಕಟ್ಟು, ಏತ್ವ; ಕೆಳಗೆ ವ-ಒತ್ತು, ಟ-ಒತ್ತು. ಎಲ್ಲವನ್ನೂ ಅದೇ ಅಡಿಯೊಳಗೆ ತುರುಕಿದರೆ ಮೂಲ ಅಕ್ಷರಕ್ಕೆ ಉಳಿಯುವುದು ಸುಮಾರು ಅರ್ಧ. ಒತ್ತಕ್ಷರ ಅದಕ್ಕಿಂತಲೂ ಸಣ್ಣದು, ಮೊದಲು ಮಸುಕಾಗುವುದೂ ಅದೇ.

ಆರೋಗ್ಯವಂತ ಕಣ್ಣಿಗೆ ಬೇರೆಯಾಗಿ ಕಾಣುವ ಅತಿ ಸಣ್ಣ ಸಂದು, ಕೋನದ ಲೆಕ್ಕದಲ್ಲಿ ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗ. ಅಂದರೆ ಪ್ರತಿ ಮೀಟರ್ ದೂರಕ್ಕೆ 0.29 ಮಿಲಿಮೀಟರ್, 50 ಮೀಟರಿಗೆ ಸುಮಾರು 15 ಮಿಲಿಮೀಟರ್. ಇದು ಕಣ್ಣಿನ ಡಾಕ್ಟರ ಚಾರ್ಟಿನ ಲೆಕ್ಕ. ವಿಜಯಪುರ–ಸೊಲ್ಲಾಪುರ ಹೆದ್ದಾರಿಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವವರು ಆ 50 ಮೀಟರನ್ನು ಮೂರೇ ಸೆಕೆಂಡಿನಲ್ಲಿ ದಾಟುತ್ತಾರೆ. ಅಲ್ಲಿ ಸಂದನ್ನು ದುಪ್ಪಟ್ಟು, 3 ಸೆಂಟಿಮೀಟರ್, ಇಡುವುದೇ ಲೇಸು. ಕನ್ನಡದಲ್ಲಿ ಈ ಸಂದು ಬರೀ ಅಂದಕ್ಕಲ್ಲ. ರ ಮತ್ತು ಠ ನಡುವೆ ಇರುವುದು ಒಂದು ಚುಕ್ಕೆ, ದ ಮತ್ತು ಧ ನಡುವೆ ಒಂದು ಸೀಳು, ಪ ಮತ್ತು ಷ ನಡುವೆ ಒಂದು ಒಳಗೆರೆ. ಅದು ಮುಚ್ಚಿಹೋದರೆ ಅಕ್ಷರವೇ ಬದಲಾಗುತ್ತದೆ. ಎದ್ದು ಕಾಣಲಿ ಎಂದು ಅತಿ ದಪ್ಪ ಫಾಂಟ್ ಹಾಕಿದಾಗ, ಅಕ್ಷರದ ಹಿಂದೆ ಪ್ರಖರ ಎಲ್‌ಇಡಿ ಉರಿಸಿದಾಗ ಆಗುವುದು ಇದೇ: ಗೆರೆ ಉಬ್ಬಿಯೋ ಬೆಳಕು ಹರಡಿಯೋ ಸಂದು ತುಂಬಿಕೊಳ್ಳುತ್ತದೆ.

ಫ್ಲೆಕ್ಸ್‌ಗೆ ಕೊಡುವ ಮುನ್ನ ವಿನ್ಯಾಸವನ್ನು ಹತ್ತನೇ ಒಂದು ಅಳತೆಯಲ್ಲಿ ಕಾಗದದ ಮೇಲೆ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ. ಫಲಕವನ್ನು 50 ಮೀಟರಿನಿಂದ ಓದಬೇಕಿದ್ದರೆ ಕಾಗದವನ್ನು 5 ಮೀಟರಿನಿಂದ ನೋಡಿ. ಕಣ್ಣಿಗೆ ಬೀಳುವ ಕೋನ ಎರಡೂ ಕಡೆ ಒಂದೇ. ಅಂಗಡಿಯ ಹೆಸರು ಗೊತ್ತಿಲ್ಲದವರಿಂದ ಓದಿಸಬೇಕು, ಗೊತ್ತಿದ್ದವರು ಊಹೆಯಲ್ಲೇ ಓದಿಬಿಡುತ್ತಾರೆ.

ಇನ್ನೊಂದು ಎಡವಟ್ಟು ಆಗುವುದು ಕಂಪ್ಯೂಟರಿನೊಳಗೆ. ಗಿರಾಕಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಕನ್ನಡ ಯುನಿಕೋಡ್, ಅಂದರೆ ಎಲ್ಲ ಫೋನು ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ. ಅದರಲ್ಲಿ ‘ಸ್ವಾಗತ’ ಎಂಬ ಮೂರಕ್ಷರ ಆರು ಸಂಕೇತಗಳಾಗಿರುತ್ತದೆ: ಸ, ಹಲಂತ, ವ, ಆ-ಕಾರದ ಚಿಹ್ನೆ, ಗ, ತ. ಅವನ್ನು ಜೋಡಿಸಿ ಒತ್ತು ಮೂಡಿಸುವುದು ತಂತ್ರಾಂಶದ ಕೆಲಸ. ಹಳೆಯ ಡಿಸೈನ್ ತಂತ್ರಾಂಶಕ್ಕೆ ಆ ಜೋಡಣೆ ಬಾರದು. ಒತ್ತು ಬಿಡಿಯಾಗಿ ‘ಸ್‌ವಾಗತ’ ಎಂದು ನಿಲ್ಲುತ್ತದೆ. ಹಳೆಯ ನುಡಿ, ಬರಹ ಫಾಂಟ್‌ಗಳ ರೀತಿಯೇ ಬೇರೆ. ಅವು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ಕಾಣುತ್ತವೆ. ಒಂದು ರೀತಿಯಿಂದ ಇನ್ನೊಂದಕ್ಕೆ ಬದಲಿಸಲು ಪರಿವರ್ತಕ ತಂತ್ರಾಂಶ ಬೇಕು. ಆದ್ದರಿಂದ ಅದರಲ್ಲಿ ಹಾಕಿ ತೆಗೆದ ಪಠ್ಯವನ್ನು ಮತ್ತೆ ಅಕ್ಷರ ಅಕ್ಷರ ಓದಲೇಬೇಕು. ಕರಡು ಒಪ್ಪಿಗೆಯಾದ ಮೇಲೆ ಅಕ್ಷರಗಳನ್ನು ರೇಖಾಚಿತ್ರವಾಗಿ ಬದಲಿಸಿ ಕಳಿಸಿದರೆ ಪ್ರೆಸ್ಸಿನಲ್ಲಿ ಫಾಂಟ್ ಇಲ್ಲದಿದ್ದರೂ ಚಿಂತೆಯಿಲ್ಲ.

ಎಸ್‌ಎಂಎಸ್ ಜಾಹೀರಾತಿನಲ್ಲೂ ಇಂಗ್ಲಿಷಿನ ಅಳತೆಯೇ ಕಾಡುತ್ತದೆ. ಒಂದು ಸಂದೇಶದ ಹೊರೆ 140 ಬೈಟ್. ಅದರಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಯುತ್ತವೆ, ಯುನಿಕೋಡ್ ಕನ್ನಡವಾದರೆ 70 ಸಂಕೇತಗಳಷ್ಟೇ. ‘ದೀಪಾವಳಿ ಹಬ್ಬದ ಹಾರ್ದಿಕ ಶುಭಾಶಯಗಳು’ ಎನ್ನುವುದಕ್ಕೇ ಖಾಲಿ ಜಾಗ ಸೇರಿ 31 ಖರ್ಚು. 70 ದಾಟಿದರೆ ಸಂದೇಶ ತಲಾ 67ರ ತುಂಡುಗಳಾಗಿ ಹೋಗುತ್ತದೆ, ಸಗಟು ಸಂದೇಶಗಳಿಗೆ ಹಣ ಬೀಳುವುದು ತುಂಡಿನ ಲೆಕ್ಕದಲ್ಲಿ. ವ್ಯಾಪಾರಸ್ಥರು ಕನ್ನಡ ಬಿಟ್ಟು ಇಂಗ್ಲಿಷ್ ಲಿಪಿಗೆ ಹೊರಳಲು ಇದೂ ಒಂದು ಕಾರಣ. ಹೊರಳಬೇಕಿಲ್ಲ. ಶುಭಾಶಯವನ್ನು ‘ದೀಪಾವಳಿ’ ಎಂಬ ಒಂದೇ ಪದಕ್ಕೆ ಇಳಿಸಿದರೆ 7 ಸಂಕೇತ ಸಾಕು. ಉಳಿದ 63ರಲ್ಲಿ ಅಂಗಡಿಯ ಹೆಸರು, ರಿಯಾಯಿತಿ, ಕೊನೆಯ ದಿನಾಂಕ ಮೂರನ್ನೂ ಕನ್ನಡದಲ್ಲೇ ಹೇಳಬಹುದು.