ಹೊಸ ರಾಡ್ ಬೇಕೇ? ಮೊದಲು ಹಳೆಯದನ್ನು ಬಗ್ಗಿಸಿ ನೋಡಿ

ಬಾಸ್ ಮೀನು ಹಿಡಿಯುವವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ರಾಡ್, ಅಂದರೆ ಗಾಳದ ಕೋಲಿನ ಮೇಲಿನ ಕಾರ್ಬನ್ ನಂಬರ್ ದೊಡ್ಡದಾದಷ್ಟೂ ರಾಡ್ ಒಳ್ಳೆಯದು ಅಂತ. 24 ಟನ್‌ಗಿಂತ 30 ಟನ್ ಮೇಲು, 30ಕ್ಕಿಂತ 40 ಮೇಲು. ಮನೆಯಲ್ಲಿ ಆಗಲೇ ಎರಡು ರಾಡ್ ಇರುತ್ತವೆ, ಮೂರನೆಯದನ್ನು ಆರಿಸುವಾಗಲೂ ಇದೇ ಲೆಕ್ಕ. ಇದನ್ನು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಯಾಕೆಂದರೆ ಆ ನಂಬರ್ ಹೇಳುವುದು ಕಾರ್ಬನ್ ಎಳೆ ಎಷ್ಟು ಬಿಗಿ ಅನ್ನುವುದನ್ನು ಮಾತ್ರ. 24 ಟನ್ ಅಂದರೆ ಎಳೆಯ ಬಿಗಿತ ಚದರ ಮಿಲಿಮೀಟರಿಗೆ 24 ಟನ್, ವಿಜ್ಞಾನದ ಮಾನದಲ್ಲಿ ಸುಮಾರು 235 ಗಿಗಾಪಾಸ್ಕಲ್, ಅಷ್ಟೇ. ರಾಡ್ ಎಷ್ಟು ಭಾರ ತಡೆಯುತ್ತದೆ ಅಂತ ಅದು ಹೇಳುವುದಿಲ್ಲ. ಎಲ್ಲಿ ಬಗ್ಗುತ್ತದೆ ಅಂತಲೂ ಹೇಳುವುದಿಲ್ಲ. ನಿಮಗೆ ಬೇಕಾಗಿರುವುದು ಆ ಎರಡೇ ತಾನೇ?

ಎಷ್ಟು ಭಾರಕ್ಕೆ ಬಗ್ಗುತ್ತದೆ ಅನ್ನುವುದು ಪವರ್. ಎಲ್ಲಿಂದ ಬಗ್ಗುತ್ತದೆ ಅನ್ನುವುದು ಆಕ್ಷನ್. ಫಾಸ್ಟ್ ಆಕ್ಷನ್ ರಾಡ್ ತುದಿಯ ಮೂರನೇ ಒಂದು ಭಾಗದಲ್ಲೇ ಬಗ್ಗುತ್ತದೆ, ಮಾಡರೇಟ್ ಆದರೆ ನಡುವಿನವರೆಗೆ, ಸ್ಲೋ ಆದರೆ ಹಿಡಿಯ ಹತ್ತಿರದವರೆಗೂ ಬಳುಕುತ್ತದೆ. ಇವೆರಡೂ ಬೇರೆ ಬೇರೆ ಸಂಗತಿಗಳು. ಪವರ್ ಜಾಸ್ತಿ ಇದ್ದೂ ನಡುವಿನಲ್ಲಿ ಬಳುಕುವ ರಾಡ್ ಇರುತ್ತದೆ, ಪವರ್ ಕಡಿಮೆ ಇದ್ದೂ ತುದಿಯಲ್ಲಷ್ಟೇ ಬಗ್ಗುವ ರಾಡ್ ಕೂಡ ಇರುತ್ತದೆ.

ಈ ಬಗ್ಗುವಿಕೆ ಎಲ್ಲಿಂದ ಬರುತ್ತದೆ? ನನಗೆ ತುಂಬ ಇಷ್ಟದ ವಿಷಯ ಇದು. ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತೇವಲ್ಲ, ಆ ಗಾದೆಯ ಒಳಗೆ ಒಂದು ಗಣಿತವಿದೆ. ಒಂದೇ ಮರದ ಎರಡು ಕೋಲು ತೆಗೆದುಕೊಳ್ಳಿ. ಒಂದು ಬೆರಳಿನ ದಪ್ಪ, ಇನ್ನೊಂದು ಅದರ ಎರಡರಷ್ಟು ದಪ್ಪ. ಎರಡನೆಯದನ್ನು ಅಷ್ಟೇ ಬಗ್ಗಿಸಲು ಎರಡರಷ್ಟು ಬಲ ಸಾಕಾಗುವುದಿಲ್ಲ, ನಾಲ್ಕರಷ್ಟೂ ಸಾಕಾಗುವುದಿಲ್ಲ, 16 ಪಟ್ಟು ಬೇಕು. ಬಿಗಿತ ಏರುವುದು ದಪ್ಪದ ನಾಲ್ಕನೇ ಘಾತದಲ್ಲಿ. ರಾಡ್ ಟೊಳ್ಳು ಕೊಳವೆಯಾದ್ದರಿಂದ ಲೆಕ್ಕ ಸ್ವಲ್ಪ ಬೇರೆ. ಗೋಡೆಯ ದಪ್ಪ ಅಷ್ಟೇ ಇಟ್ಟು ಕೊಳವೆಯ ಅಗಲವನ್ನು ಎರಡು ಪಟ್ಟು ಮಾಡಿದರೆ ಬಿಗಿತ ಸುಮಾರು 8 ಪಟ್ಟು ಆಗುತ್ತದೆ. ಈಗ ಕಾರ್ಬನ್ ನಂಬರ್ ಕಡೆ ನೋಡಿ. 24 ಟನ್‌ನಿಂದ 30 ಟನ್‌ಗೆ ಹೋದರೆ ಎಳೆಯ ಬಿಗಿತ ಕಾಲು ಭಾಗ ಏರುತ್ತದೆ. ಅದೇ ಕಾಲು ಭಾಗವನ್ನು ಕೊಳವೆಯನ್ನು ಶೇ. 8ರಷ್ಟು ಅಗಲ ಮಾಡಿ ಪಡೆಯಬಹುದು. ಅಂದರೆ ರಾಡಿನ ಸ್ವಭಾವವನ್ನು ತೀರ್ಮಾನ ಮಾಡುವುದು ಮುಖ್ಯವಾಗಿ ಅದರ ಆಕಾರ. ಬುಡದಿಂದ ತುದಿಗೆ ಅದು ಹೇಗೆ ಸಣ್ಣಗಾಗುತ್ತಾ ಹೋಗುತ್ತದೆ ಅನ್ನುವುದು.

ರಾಡನ್ನು ಒಂದೇ ಕೋಲು ಅಂದುಕೊಳ್ಳಬೇಡಿ. ಬೆರಳುದ್ದದ ಹತ್ತಾರು ತುಂಡುಗಳನ್ನು ಸ್ಪ್ರಿಂಗ್ ಹಾಕಿ ಒಂದಕ್ಕೊಂದು ಜೋಡಿಸಿದ ಸರಪಳಿ ಅಂದುಕೊಳ್ಳಿ. ತುದಿಯ ಸ್ಪ್ರಿಂಗ್ ಮೆತ್ತಗೆ, ಬುಡದ್ದು ಗಡುಸು. ಮೀನು ತುದಿಯನ್ನು ಎಳೆದಾಗ ಬಗ್ಗಿಸುವ ಒತ್ತಡ ತುದಿಯಲ್ಲಿ ಹೆಚ್ಚುಕಡಿಮೆ ಸೊನ್ನೆ. ಕೈಯ ಕಡೆ ಬಂದಂತೆ ಅದು ಏರುತ್ತಾ ಹೋಗುತ್ತದೆ. ಒತ್ತಡ ಏರುವ ವೇಗಕ್ಕಿಂತ ಸ್ಪ್ರಿಂಗ್‌ಗಳು ಬೇಗ ಗಡುಸಾದರೆ ಬುಡ ಸೆಟೆದು ನಿಲ್ಲುತ್ತದೆ, ತುದಿ ಮಾತ್ರ ಬಗ್ಗುತ್ತದೆ. ಅದು ಫಾಸ್ಟ್. ಎರಡೂ ಹೆಚ್ಚುಕಡಿಮೆ ಜೊತೆಜೊತೆಗೆ ಏರಿದರೆ ಇಡೀ ರಾಡ್ ಬಿಲ್ಲಿನ ಹಾಗೆ ಬಳುಕುತ್ತದೆ. ಮರದ ಕೊಂಬೆಗೆ ಜೋತುಬಿದ್ದ ಮಕ್ಕಳನ್ನು ನೋಡಿದ್ದೀರಲ್ವಾ? ಬುಡ ದಪ್ಪಗಿದ್ದು ಥಟ್ಟನೆ ಸಣ್ಣಗಾಗುವ ಕೊಂಬೆಯ ತುದಿಯಷ್ಟೇ ಬಾಗುತ್ತದೆ. ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ದಪ್ಪ ಇರುವ ಕೊಂಬೆ ಕಾಂಡದಿಂದಲೇ ಬಾಗಿ ಮಕ್ಕಳನ್ನು ನೆಲಕ್ಕೆ ಮುಟ್ಟಿಸುತ್ತದೆ.

ಒಂದು ತುದಿ ಭದ್ರವಾಗಿ, ಇನ್ನೊಂದು ತುದಿಯಲ್ಲಿ ಭಾರ. ಈ ಲೆಕ್ಕ ಹಳೆಯದು. 1638ರಲ್ಲಿ ಗೆಲಿಲಿಯೋ ಗೋಡೆಗೆ ನೆಟ್ಟ ಒಂದು ತೊಲೆಯ ಚಿತ್ರ ಕೊಟ್ಟ, ಅದರ ತುದಿಯಲ್ಲಿ ಕೊಕ್ಕೆ, ಕೊಕ್ಕೆಯಲ್ಲಿ ಭಾರ. ಆ ಚಿತ್ರ ನೋಡಿದಾಗೆಲ್ಲ ನನಗೆ ಗಾಳದ ಕೋಲೇ ಕಾಣಿಸುತ್ತದೆ. ತೊಲೆಯೊಳಗೆ ಒತ್ತಡ ಹೇಗೆ ಹಂಚಿಹೋಗುತ್ತದೆ ಅನ್ನುವುದರಲ್ಲಿ ಅವನಿಗೆ ತಪ್ಪಾಯಿತು. ಆದರೆ ದಪ್ಪ ಏರಿದಂತೆ ಬಲ ಬಹಳ ಬೇಗ ಏರುತ್ತದೆ ಅನ್ನುವುದನ್ನು ಸರಿಯಾಗಿಯೇ ಹಿಡಿದ. ಮುಂದೆ 18ನೇ ಶತಮಾನದಲ್ಲಿ ಆಯ್ಲರ್ ಮತ್ತು ಬರ್ನೂಲಿ ಎಂಬ ಗಣಿತಜ್ಞರು ಬಗ್ಗುವ ಕೋಲಿನ ಸಮೀಕರಣ ಬರೆದರು. ಇಂದಿನ ರಾಡ್ ವಿನ್ಯಾಸದ ತಳಪಾಯ ಅದೇ.

ರಾಡ್ ಮಾಡುವವರ ಕಥೆಯೂ ಕಡಿಮೆ ಸ್ವಾರಸ್ಯದ್ದಲ್ಲ. 1840ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಈಸ್ಟನ್‌ನಲ್ಲಿ ಸ್ಯಾಮ್ಯುಯೆಲ್ ಫಿಲಿಪ್ ಎಂಬ ಬಂದೂಕು ಕುಶಲಕರ್ಮಿ ಬಿದಿರನ್ನು ಸೀಳಿ, ಪಟ್ಟಿಗಳನ್ನು ಅಂಟಿಸಿ ರಾಡ್ ಮಾಡತೊಡಗಿದ. ಆ ಕಾಲದ ರಾಡ್‌ಗಳಿಗೆ ಹೋಗುತ್ತಿದ್ದ ಬಿದಿರಿಗೆ ಅಲ್ಲಿ ಕಲ್ಕತ್ತಾ ಕೇನ್ ಅಂತಲೇ ಹೆಸರು. ಆಮೇಲೆ ಚೀನಾದ ಟಾಂಕಿನ್ ಬಿದಿರು ಬಂತು. 1950ರ ದಶಕದ ಆರಂಭದಲ್ಲಿ ಅಮೆರಿಕ ಚೀನಾದ ಸರಕಿಗೆ ನಿಷೇಧ ಹಾಕಿದಾಗ ಅದೂ ನಿಂತಿತು. ಅಷ್ಟರಲ್ಲಿ ಗಾಜಿನ ಎಳೆಯ ರಾಡ್ ಸಿದ್ಧವಾಗಿತ್ತು. ಆರ್ಥರ್ ಹೋವಾಲ್ಡ್ ಎಂಬ ವಿಜ್ಞಾನಿ ಬಿದಿರಿನ ರಾಡಿನ ಮುರಿದ ತುದಿಗೆ ಬದಲಿ ಹುಡುಕುತ್ತಾ ಗಾಜಿನ ಎಳೆಗೆ ಬಂದದ್ದು 1940ರ ದಶಕದಲ್ಲಿ. 1970ರ ದಶಕದ ಆರಂಭದಲ್ಲಿ ಕಾರ್ಬನ್ ಬಂತು, ಗಾಜನ್ನು ಮೂಲೆಗೆ ತಳ್ಳಿತು. ಕಾರ್ಬನ್ ಎಳೆ ಗಾಜಿನ ಎಳೆಗಿಂತ ಮೂರು ಪಟ್ಟಿಗೂ ಹೆಚ್ಚು ಬಿಗಿ, ತೂಕದಲ್ಲಿ ಮೂರನೇ ಒಂದರಷ್ಟು ಕಡಿಮೆ. ಆದರೂ ಕೆಲವು ಬಾಸ್ ರಾಡ್‌ಗಳಲ್ಲಿ ಇವತ್ತು ಗಾಜು ಮತ್ತೆ ವಾಪಸ್ ಬಂದಿದೆ. ಯಾಕೆ ಅಂತ ನೋಡೋಣ.

ಬಾಸ್ ಮೀನು ಕಚ್ಚುವುದಕ್ಕಿಂತ ಹೆಚ್ಚಾಗಿ ಹೀರುತ್ತದೆ. ಬಾಯಿಯನ್ನು ಥಟ್ಟನೆ ಅಗಲಿಸುತ್ತದೆ, ಒಳಗೆ ಒತ್ತಡ ಇಳಿಯುತ್ತದೆ, ನೀರಿನ ಜೊತೆಗೆ ಲೂರ್, ಅಂದರೆ ಕೊಕ್ಕೆ ಇರುವ ಕೃತಕ ಆಮಿಷ, ಒಳಗೆ ನುಗ್ಗುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಲೂರ್ ಆ ನೀರಿನ ಜೊತೆ ಹೋಗಬೇಕಾದರೆ ಹಿಂದಿನಿಂದ ಅದನ್ನು ಯಾರೂ ಹಿಡಿದು ಎಳೆಯಬಾರದು. ಕ್ರ್ಯಾಂಕ್‌ಬೇಟ್ ಅನ್ನುವುದು ಎಳೆದಾಗ ನಡುಗುತ್ತಾ ಈಜುವ ಗಟ್ಟಿ ಲೂರ್. ಅದನ್ನು ನೀವು ರೀಲ್ (ದಾರ ಸುತ್ತುವ ರಾಟೆ) ತಿರುಗಿಸಿ ಎಳೆಯುತ್ತಲೇ ಇರುತ್ತೀರಿ, ಲೈನ್, ಅಂದರೆ ಗಾಳದ ದಾರ, ಬಿಗಿಯಾಗಿರುತ್ತದೆ. ರಾಡ್ ಸೆಟೆದಿದ್ದರೆ ಲೂರ್ ಬಾಯಿಯೊಳಗೆ ಪೂರ್ತಿ ಹೋಗುವ ಮೊದಲೇ ಹಿಂದಕ್ಕೆ ಬರುತ್ತದೆ. ನಡುವಿನವರೆಗೆ ಬಳುಕುವ ರಾಡಾದರೆ ಲೂರ್ ಒಳಗೆ ಹೋಗುವಷ್ಟು ಸಡಿಲ ಕೊಡುತ್ತದೆ. ಗಾಜು ವಾಪಸ್ ಬಂದದ್ದು ಇಂಥ ರಾಡ್‌ಗಳಿಗೇ. ಕ್ರ್ಯಾಂಕ್‌ಬೇಟ್‌ನಲ್ಲಿರುವುದು ಸಣ್ಣ ತಂತಿಯ ಮೂರು ಮುಳ್ಳಿನ ಕೊಕ್ಕೆಗಳು ಬೇರೆ. ಅವು ಸುಲಭವಾಗಿ ಚುಚ್ಚುತ್ತವೆ, ಜೋರಾಗಿ ಎಳೆದರೆ ಬಾಯಿಯ ಅಂಚಿನ ತೆಳು ಪೊರೆಯನ್ನು ಹರಿದುಕೊಂಡು ಬರುತ್ತವೆ. ಜಿಗ್ (ತಲೆಯಲ್ಲಿ ಭಾರ ಇರುವ ಲೂರ್) ಅಥವಾ ಪ್ಲಾಸ್ಟಿಕ್ ಹುಳುವಿನ ವಿಷಯ ಉಲ್ಟಾ. ಅಲ್ಲಿ ದಪ್ಪ ತಂತಿಯ ಒಂದೇ ಕೊಕ್ಕೆ, ಪ್ಲಾಸ್ಟಿಕ್ ದಾಟಿ ದವಡೆಗೆ ಹೋಗಬೇಕು, ಸೆಟೆದ ಬುಡವೇ ಬೇಕು.

ನನ್ನ ಬಳಿ ಇದ್ದದ್ದು ಎರಡು ರಾಡ್. ಎರಡೂ ಫಾಸ್ಟ್, ಎರಡಕ್ಕೂ ಹೆಣೆದ ಲೈನ್. ಜಿಗ್‌ನಲ್ಲಿ ಮೀನು ನಿಲ್ಲುತ್ತಿತ್ತು. ಕ್ರ್ಯಾಂಕ್‌ಬೇಟ್‌ನಲ್ಲಿ ದಡದ ಹತ್ತಿರ ಬಂದು ಕಳಚಿಕೊಳ್ಳುತ್ತಿತ್ತು, ಮತ್ತೆ ಮತ್ತೆ. ದೋಣಿಯಲ್ಲಿ ಬಾಳೆಹಣ್ಣು ತಂದರೆ ಅಪಶಕುನ ಅಂತ ಗಾಳ ಹಾಕುವವರಲ್ಲಿ ಒಂದು ನಂಬಿಕೆ ಇದೆ. ಜೊತೆಗಿದ್ದವರು ಮೊದಲು ನನ್ನ ಚೀಲವನ್ನೇ ಹುಡುಕಿದರು. ನಂಬಿಕೆಯ ಕೆಡುಕು ಇದೇ ನೋಡಿ. ಕಾರಣ ಸಿಕ್ಕಿತು ಅನ್ನಿಸಿಬಿಡುತ್ತದೆ, ನಿಜವಾದ ಕಾರಣ ಕೈಯಲ್ಲೇ ಇದ್ದರೂ ಯಾರೂ ನೋಡುವುದಿಲ್ಲ.

ಕಾರಣ ರಾಡ್ ಒಂದೇ ಅಲ್ಲ, ಲೈನ್ ಕೂಡ. ರಾಡ್ ಒಂದು ಸ್ಪ್ರಿಂಗ್, ಲೈನ್ ಇನ್ನೊಂದು ಸ್ಪ್ರಿಂಗ್, ಎರಡನ್ನೂ ಸಾಲಾಗಿ ಕಟ್ಟಿದೆ. ಮೀನಿಗೆ ಗೊತ್ತಾಗುವುದು ಎರಡರ ಒಟ್ಟು ಮೆದುತನ. ನೈಲಾನ್ ಲೈನ್ ಚೆನ್ನಾಗಿ ಹಿಗ್ಗುತ್ತದೆ. 20 ಮೀಟರ್ ಲೈನ್ ಶೇ. 5ರಷ್ಟು ಹಿಗ್ಗಿದರೂ ಪೂರಾ 1 ಮೀಟರ್ ಆಯಿತು. ಹೆಣೆದ ಪಾಲಿಎಥಿಲೀನ್ ಲೈನ್ ಹಿಗ್ಗುವುದು ತೀರಾ ಕಡಿಮೆ. ಹೆಣೆದ ಲೈನ್, ಫಾಸ್ಟ್ ರಾಡ್, ಸಣ್ಣ ಕೊಕ್ಕೆ, ಈ ಮೂರೂ ಸೇರಿದರೆ ಮೀನು ತಲೆ ಕೊಡವಿದಾಗ ಆ ಹೊಡೆತ ತಡೆಯಲು ಎಲ್ಲೂ ಮೆತ್ತೆ ಇಲ್ಲ. ಹಾಗಾಗಿ ನಾನು ಮೊದಲು ಹೇಳುವುದು, ರಾಡ್ ಕೊಳ್ಳುವ ಮುಂಚೆ ಇರುವ ರೀಲ್‌ಗೆ ನೈಲಾನ್ ಸುತ್ತಿ ಒಂದೆರಡು ದಿನ ನೋಡಿ. ಎಷ್ಟೋ ಸಲ ಅಷ್ಟೇ ಸಾಕು.

ಸಾಕಾಗಲಿಲ್ಲ ಅಂದರೆ ಅಳೆಯಬೇಕು. ಲೇಬಲ್ ಓದಿ ಪ್ರಯೋಜನವಿಲ್ಲ. ಪವರ್ ಎಷ್ಟು ಅಂತ ಹೇಳಲು ಬರೆಯುವ ಮೀಡಿಯಂ, ಮೀಡಿಯಂ ಹೆವಿ ಅನ್ನುವುದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆಯೇ ಇಲ್ಲ. ವಿಲಿಯಂ ಹ್ಯಾನಮನ್ ಎಂಬುವರು 2003ರಲ್ಲಿ ಇದಕ್ಕೊಂದು ಸರಳ ದಾರಿ ತೋರಿಸಿದರು, ಕಾಮನ್ ಸೆಂಟ್ಸ್ ಅಂತ ಹೆಸರು. ಅಮೆರಿಕದ ಒಂದು ಸೆಂಟ್ ನಾಣ್ಯ 2.5 ಗ್ರಾಂ, ಅದನ್ನೇ ಅವರು ತೂಕದ ಬಟ್ಟಾಗಿ ಬಳಸಿದರು. ರಾಡಿನ ಬುಡವನ್ನು ಮೇಜಿಗೆ ಭದ್ರವಾಗಿ ಬಿಗಿಯಿರಿ, ರಾಡ್ ನೆಲಕ್ಕೆ ಸಮಾನಾಂತರವಾಗಿರಲಿ. ತುದಿಗೆ ಒಂದು ಹಗುರ ಚೀಲ ಕಟ್ಟಿ. ತುದಿ ರಾಡಿನ ಉದ್ದದ ಮೂರನೇ ಒಂದರಷ್ಟು ಕೆಳಗಿಳಿಯುವವರೆಗೆ ಚೀಲಕ್ಕೆ ನಾಣ್ಯವನ್ನೋ ಮರಳನ್ನೋ ಹಾಕುತ್ತಾ ಹೋಗಿ. 210 ಸೆಂ.ಮೀ. ರಾಡ್ ಆದರೆ 70 ಸೆಂ.ಮೀ. ಇಳಿಯಬೇಕು. ಈಗ ಚೀಲ ತೂಗಿ. ಅದು ಪವರ್. ಅದೇ ಸ್ಥಿತಿಯಲ್ಲಿ ತುದಿ ನೆಲದ ಕಡೆಗೆ ಎಷ್ಟು ಡಿಗ್ರಿ ವಾಲಿದೆ ನೋಡಿ. ಕೋನ ಜಾಸ್ತಿ ಇದ್ದಷ್ಟೂ ಫಾಸ್ಟ್. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಮಾಡಿ, ಒಂದೇ ಸಲ ಭಾರ ಸುರಿಯಬೇಡಿ.

ನನ್ನ ಎರಡು ರಾಡ್‌ಗಳಲ್ಲಿ ಒಂದರ ಮೇಲೆ ಮೀಡಿಯಂ ಅಂತಿತ್ತು, ಇನ್ನೊಂದರ ಮೇಲೆ ಮೀಡಿಯಂ ಹೆವಿ. ತೂಗಿ ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ, ಕೋನವೂ ಒಂದೇ. ಮೂರು ವರ್ಷ ಎರಡನ್ನೂ ಬೇರೆ ಬೇರೆ ಅಂದುಕೊಂಡು ಹೊತ್ತುಕೊಂಡು ತಿರುಗಿದ್ದೆ. ಈ ಎರಡು ಅಂಕಿಗಳನ್ನು ಒಂದು ಹಾಳೆಯಲ್ಲಿ ಚುಕ್ಕಿಗಳಾಗಿ ಗುರುತು ಮಾಡಿ, ಅಡ್ಡಕ್ಕೆ ಪವರ್, ಮೇಲಕ್ಕೆ ಕೋನ. ನಿಮ್ಮ ರಾಡ್‌ಗಳೆಲ್ಲ ಎಲ್ಲಿ ಗುಂಪುಗೂಡಿವೆ, ಎಲ್ಲಿ ಖಾಲಿ ಇದೆ ಅನ್ನುವುದು ಅಲ್ಲೇ ಕಾಣುತ್ತದೆ. ಹೊಸ ರಾಡ್ ಬರಬೇಕಾದದ್ದು ಆ ಖಾಲಿ ಜಾಗಕ್ಕೆ.

ಇನ್ನೆರಡು ತಪ್ಪು ತಿಳಿವಳಿಕೆ. ಉದ್ದದ ರಾಡ್ ಇದ್ದರೆ ಮೀನನ್ನು ಸುಲಭವಾಗಿ ಎಳೆಯಬಹುದು ಅನ್ನುತ್ತಾರೆ. ಇಲ್ಲ. ಸನ್ನೆಗೋಲಿನ ಉದ್ದದ ಕಡೆ ಹಿಡಿದಿರುವುದು ಮೀನು. ರಾಡ್ ಹಿಡಿದ ಮುಂದಿನ ಕೈಯಿಂದ ತುದಿಗೆ 1.8 ಮೀಟರ್, ಹಿಂದಿನ ಕೈಗೆ 30 ಸೆಂ.ಮೀ. ಇದ್ದು, ಮೀನು ಒಂದೂವರೆ ಕಿಲೋ ಬಲದಲ್ಲಿ ಅಡ್ಡಕ್ಕೆ ಎಳೆದರೆ, ಬಗ್ಗದ ರಾಡಾದರೆ ಹಿಂದಿನ ಕೈ 9 ಕಿಲೋ ಬಲ ಹಾಕಬೇಕು. ರಾಡ್ ಬಗ್ಗಿ ಸನ್ನೆಯ ಉದ್ದ 80 ಸೆಂ.ಮೀ.ಗೆ ಇಳಿದರೆ 4 ಕಿಲೋ ಸಾಕು. ಬಗ್ಗುವುದೇ ನಿಮಗೆ ಸಹಾಯ. ಉದ್ದದ ರಾಡಿನ ಲಾಭ ಬೇರೆ, ದೂರ ಎಸೆಯಬಹುದು, ಒಂದೇ ಬೀಸಿನಲ್ಲಿ ಜಾಸ್ತಿ ಲೈನ್ ಎಳೆಯಬಹುದು.

ಎರಡನೆಯದು, ಕಾರ್ಬನ್‌ನಲ್ಲಿ ಕಂಪನ ಬೇಗ ಬರುತ್ತದೆ, ಅದಕ್ಕೇ ಮೀನು ಮುಟ್ಟಿದ್ದು ಗೊತ್ತಾಗುತ್ತದೆ ಅನ್ನುವುದು. ಕಾರ್ಬನ್ ಇರಲಿ ಗಾಜಿರಲಿ, ಕಂಪನ ಎರಡು ಮೀಟರ್ ದಾಟಲು ಕಣ್ಣು ಮಿಟುಕಿಸುವಷ್ಟು ಹೊತ್ತು ಕೂಡ ಬೇಕಿಲ್ಲ. ಆ ವ್ಯತ್ಯಾಸ ಯಾರ ಕೈಗೂ ತಿಳಿಯುವುದಿಲ್ಲ. ತಿಳಿಯುವುದು ತೂಕದ ವ್ಯತ್ಯಾಸ. ತುದಿ ಹಗುರವಾಗಿದ್ದರೆ ಸಣ್ಣ ತಟ್ಟುವಿಕೆಯೂ ಅದನ್ನು ಅಲುಗಿಸುತ್ತದೆ. ಭಾರದ ತುದಿ ಅದನ್ನು ನುಂಗಿಬಿಡುತ್ತದೆ. ಅದಕ್ಕೇ ತಳ ಮುಟ್ಟಿ ಆಡುವ ಜಿಗ್‌ಗೆ ಕಾರ್ಬನ್ ಒಳ್ಳೆಯದು. ಕ್ರ್ಯಾಂಕ್‌ಬೇಟ್‌ನಲ್ಲಿ ಮೀನು ತಾನಾಗಿ ಕೊಕ್ಕೆಗೆ ಬೀಳುತ್ತದೆ, ಅಲ್ಲಿ ಅಷ್ಟು ಸೂಕ್ಷ್ಮ ಬೇಕಿಲ್ಲ. ಗಾಜಿನ ತೂಕ ಅಲ್ಲಿ ದೋಷವೇ ಅಲ್ಲ.

ನನ್ನ ಹಾಳೆಯಲ್ಲಿ ಖಾಲಿ ಇದ್ದದ್ದು ಕೋನ ಕಡಿಮೆ ಇರುವ ಜಾಗ. ಅಲ್ಲಿಗೆ ಗಾಜು ಮತ್ತು ಕಾರ್ಬನ್ ಬೆರೆಸಿದ ಮಾಡರೇಟ್ ರಾಡ್ ಬಂತು. ರೀಲ್ ಹೊಸದು ಬೇಕಾಗಲಿಲ್ಲ, ಹಿಡಿಯ ಒಂದು ಸುತ್ತಿಗೆ ಲೈನಿನ ಉರುಳೆ ಐದು ಸುತ್ತು ಸುತ್ತುವ ಹಳೆಯ ನಿಧಾನದ ರೀಲನ್ನೇ ಕೂರಿಸಿದೆ. ಈ ರಾಡಿನಲ್ಲಿ ಮೊದಮೊದಲು ಕೈ ಹಳೆಯ ಅಭ್ಯಾಸ ಬಿಡುವುದಿಲ್ಲ, ಮೀನು ಮುಟ್ಟಿದೊಡನೆ ಜೋರಾಗಿ ಎತ್ತಿಬಿಡುತ್ತದೆ. ಎತ್ತಬೇಡಿ. ರೀಲ್ ತಿರುಗಿಸುತ್ತಲೇ ಇರಿ. ಲೂರಿನ ನಡುಕ ನಿಂತು ರಾಡ್ ನಡುವಿನವರೆಗೆ ಭಾರವಾದಾಗ ಸುಮ್ನೆ ಪಕ್ಕಕ್ಕೆ ವಾಲಿಸಿ, ಸಾಕು.