ಯಹೂದಿ ಹುಡುಗ, ಹೊರಗಿನ ಹುಡುಗಿ: ನೂರು ವರ್ಷದ ತಕರಾರು

ನೆಟ್‌ಫ್ಲಿಕ್ಸ್‌ನಲ್ಲಿ ‘ನೋಬಡಿ ವಾಂಟ್ಸ್ ದಿಸ್’ ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ. ಯಹೂದಿಗಳ ಧರ್ಮಗುರು, ಅಂದರೆ ರಬ್ಬಿಯೊಬ್ಬ, ದೇವರ ಗೊಡವೆಯಿಲ್ಲದ ಪಾಡ್‌ಕಾಸ್ಟ್ ಹುಡುಗಿಯನ್ನು ಪ್ರೀತಿಸುವ ತಮಾಷೆ ಕಥೆ. ಸರಣಿ ಗೆದ್ದಿತು, ಜೊತೆಗೇ ಜಗಳವೂ ಶುರುವಾಯಿತು. ಮಿಶ್ರ ಮದುವೆಗೆ ಇದು ಪ್ರಚಾರ ಎಂದರು ಕೆಲವರು. ಯಹೂದಿ ಹೆಂಗಸರಿಗೆ ಅವಮಾನ ಎಂದರು ಇನ್ನು ಕೆಲವರು. ಮಿಕ್ಕವರಿಗೆ ರಬ್ಬಿಯಾಗಿ ಆಡಂ ಬ್ರೋಡಿ ನಕ್ಕರೆ ಸಾಕಾಗಿತ್ತು. ಯಾರು ಯಾವುದಕ್ಕೆ ಬೈಯುತ್ತಿದ್ದಾರೆ ಅಂತ ತಿಳಿಯಬೇಕಾದರೆ 1922ರಿಂದ ಶುರು ಮಾಡಬೇಕು.

ಆ ವರ್ಷದ ಮೇನಲ್ಲಿ ಆನ್ ನಿಕೋಲ್ಸ್ ಬರೆದ ‘ಏಬೀಸ್ ಐರಿಶ್ ರೋಸ್’ ನಾಟಕ ನ್ಯೂಯಾರ್ಕಿನ ನಾಟಕಶಾಲೆಗಳ ಬೀದಿ ಬ್ರಾಡ್‌ವೇಗೆ ಬಂತು. ಹುಡುಗ ಯಹೂದಿ, ಹುಡುಗಿ ಐರಿಶ್ ಕ್ಯಾಥೊಲಿಕ್. ಮೊದಲು ಮೆಥಡಿಸ್ಟ್ ಎಂಬ ಪ್ರಾಟೆಸ್ಟೆಂಟ್ ಪಂಗಡದ ಪಾದ್ರಿಯ ಮುಂದೆ ಗುಟ್ಟಾಗಿ ಮದುವೆ. ಆಮೇಲೆ ಹುಡುಗನ ಅಪ್ಪನಿಗೆ ಗೊತ್ತಾಗಬಾರದು ಅಂತ ಮರ್ಫಿ ಮನೆತನದ ಹುಡುಗಿಯನ್ನು ಯಹೂದಿ ಹೆಸರಿನಂತೆ ಕೇಳುವ ‘ಮರ್ಫೆಸ್ಕಿ’ ಮಾಡಿ ರಬ್ಬಿಯ ಮುಂದೆ ಇನ್ನೊಂದು ಮದುವೆ. ಅವಳಪ್ಪ ಬಂದ ಮೇಲೆ ಕ್ಯಾಥೊಲಿಕ್ ಪಾದ್ರಿಯಿಂದ ಮೂರನೆಯದು. ಅವಳಿ ಮಕ್ಕಳು ಹುಟ್ಟಿ, ಒಂದಕ್ಕೆ ಐರಿಶ್ ಹೆಸರು, ಇನ್ನೊಂದಕ್ಕೆ ಯಹೂದಿ ಹೆಸರು ಇಟ್ಟಾಗ ಬೀಗರ ಮುನಿಸು ಇಳಿಯುತ್ತದೆ.

‘ಲೈಫ್’ ಪತ್ರಿಕೆಯ ನಾಟಕ ವಿಮರ್ಶಕ ರಾಬರ್ಟ್ ಬೆಂಚ್ಲಿಗೆ ಈ ನಾಟಕ ಕಂಡರೆ ಆಗುತ್ತಿರಲಿಲ್ಲ. ಊರಲ್ಲಿ ನಡೆಯುತ್ತಿರುವ ಪ್ರತಿ ನಾಟಕದ ಬಗ್ಗೆ ವಾರವಾರವೂ ಒಂದು ಸಾಲು ಬರೆಯುವುದು ಅವನ ಕೆಲಸ. ನಾಟಕವೋ ನಿಲ್ಲಲೇ ಇಲ್ಲ. 1927ರವರೆಗೆ 2,327 ಪ್ರದರ್ಶನ! ಬೈಗುಳವೆಲ್ಲ ಖಾಲಿಯಾಗಿ ಒಂದು ವಾರ ಸುಮ್ನೆ ‘ಇಬ್ರಿಯ 13:8’ ಅಂತ ಬರೆದು ಕೈತೊಳೆದುಕೊಂಡ. ಬೈಬಲ್ ತೆಗೆದು ನೋಡಿದರೆ ಅಲ್ಲಿರುವುದು, ಯೇಸು ಕ್ರಿಸ್ತನು ನಿನ್ನೆ ಇದ್ದ ಹಾಗೆ ಈ ಹೊತ್ತೂ ಇದ್ದಾನೆ, ನಿರಂತರವೂ ಹಾಗೇ ಇರುವನು ಎಂಬ ಮಾತು.

ಬೆಂಚ್ಲಿಯ ಸಿಟ್ಟು ಹಳಸಲು ಹಾಸ್ಯದ ಮೇಲೆ, ಮದುವೆಯ ಮೇಲಲ್ಲ. ಮಿಸೆಸ್ ಕೊಹೆನ್ ಎಂಬ ಯಹೂದಿ ಹೆಂಗಸು ನಾಟಕದುದ್ದಕ್ಕೂ ತನ್ನ ಅಪೆಂಡಿಕ್ಸ್ ಆಪರೇಷನ್ ಕಥೆಯನ್ನೇ ಹೇಳಿ ತಲೆ ತಿನ್ನುತ್ತಾಳೆ. ಯಹೂದಿ ಹೆಂಗಸಿಗೆ ಅಲ್ಲಿ ಸಿಕ್ಕ ಜಾಗ ಅಷ್ಟೇ. ಈ ಮಿಸೆಸ್ ಕೊಹೆನ್‌ಳನ್ನು ನೆನಪಿಟ್ಟುಕೊಂಡರೆ ಈಗಿನ ಜಗಳ ಜಾಸ್ತಿ ಅರ್ಥವಾಗುತ್ತದೆ.

ತನ್ನ ಕಥೆ ಕದ್ದು ಸಿನಿಮಾ ಮಾಡಿದ್ದಾರೆ ಅಂತ ನಿಕೋಲ್ಸ್ ಯೂನಿವರ್ಸಲ್ ಕಂಪನಿಯನ್ನು ಕೋರ್ಟಿಗೆ ಎಳೆದಳು. ಜಗಳಗಂಟ ಅಪ್ಪಂದಿರು, ಮದುವೆಯಾಗುವ ಮಕ್ಕಳು, ಇಷ್ಟು ಯಾರೊಬ್ಬರ ಸ್ವತ್ತೂ ಆಗುವುದಿಲ್ಲ ಎಂದು 1930ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಇದೂ ಒಂಥರಾ ವಿಮರ್ಶೆಯೇ, ಅಲ್ವಾ? ನಾಟಕ ಎರಡು ಸಲ ಸಿನಿಮಾ ಆಯಿತು. ಎರಡನೇ ಮಹಾಯುದ್ಧ ಮುಗಿದು, ನಾಜಿಗಳು ಮಾಡಿದ್ದು ಗೊತ್ತಾದ ಮೇಲೆ ಯಹೂದಿಗಳ ಮಾತಿನ ಧಾಟಿ ಅಣಕಿಸುವ ಹಾಸ್ಯಕ್ಕೆ ನಗುವುದು ಕಷ್ಟವಾಯಿತು.

1972ರಲ್ಲಿ ಅಮೆರಿಕದ ಸಿಬಿಎಸ್ ಟಿವಿ ವಾಹಿನಿ ‘ಬ್ರಿಜೆಟ್ ಲವ್ಸ್ ಬರ್ನಿ’ ತಂದಿತು. ಟ್ಯಾಕ್ಸಿ ಓಡಿಸುವ ಯಹೂದಿ ಹುಡುಗ, ಶ್ರೀಮಂತ ಕ್ಯಾಥೊಲಿಕ್ ಹುಡುಗಿ. ಈ ಸಲ ದೂರು ಹಾಸ್ಯದ ಬಗ್ಗೆ ಅಲ್ಲ, ಮದುವೆಯ ಬಗ್ಗೆಯೇ. ಕಟ್ಟಾ ಸಂಪ್ರದಾಯದ ಆರ್ಥೊಡಾಕ್ಸ್, ನಡುವಿನ ಕನ್ಸರ್ವೇಟಿವ್, ಉದಾರವಾದಿ ರಿಫಾರ್ಮ್ ಎಂಬ ಮೂರೂ ಯಹೂದಿ ಪಂಗಡದ ರಬ್ಬಿಗಳು ಅಪರೂಪಕ್ಕೆ ಒಂದಾದರು. ಪ್ರತಿಭಟನೆ ನಡೆಯಿತು, ಬೆದರಿಕೆಯೂ ಬಂತು. ಆ ವರ್ಷದ ಟಿವಿ ರೇಟಿಂಗ್‌ನಲ್ಲಿ ಐದನೇ ಸ್ಥಾನದಲ್ಲಿದ್ದ ಧಾರಾವಾಹಿ 24 ಕಂತಿಗೇ ನಿಂತುಹೋಯಿತು. ಒತ್ತಡಕ್ಕೆ ಮಣಿದಿಲ್ಲ ಎಂದಿತು ವಾಹಿನಿ. ಎರಡು ಭಾರಿ ಜನಪ್ರಿಯ ಕಾರ್ಯಕ್ರಮಗಳ ನಡುವೆ ಜಾಗ ಸಿಕ್ಕಿದ್ದರಿಂದಲೇ ಆ ಸ್ಥಾನ ಬಂದಿದ್ದು ಎಂಬ ವಾದವೂ ಸುಳ್ಳಲ್ಲ. ಆದರೆ ಐದನೇ ಸ್ಥಾನದ ಧಾರಾವಾಹಿಯನ್ನು ಸುಮ್ಮನೆ ಯಾರು ನಿಲ್ಲಿಸುತ್ತಾರೆ?

ಇಂಥ ಮದುವೆಯ ಭಯ ಟಿವಿಯಿಂದ ಹುಟ್ಟಿದ್ದಲ್ಲ. ಯಹೂದಿ ಸಂಪ್ರದಾಯದಲ್ಲಿ ತಾಯಿ ಯಹೂದಿಯಾದರೆ ಮಾತ್ರ ಮಗು ಯಹೂದಿ. ಹುಡುಗ ಹೊರಗೆ ಮದುವೆಯಾದರೆ ಮುಂದಿನ ತಲೆಮಾರೇ ಕೈತಪ್ಪುತ್ತದೆ ಎಂಬ ಲೆಕ್ಕ. ನಾಜಿಗಳು ನಡೆಸಿದ ಯಹೂದಿಗಳ ನರಮೇಧ ಮುಗಿದು ಮೂವತ್ತು ವರ್ಷವೂ ಆಗಿರಲಿಲ್ಲ. ಉದಾರಿಗಳು ಎನಿಸಿಕೊಂಡ ರಿಫಾರ್ಮ್ ರಬ್ಬಿಗಳ ಸಂಘವೇ 1973ರಲ್ಲಿ, ಇಂಥ ಮದುವೆ ಮಾಡಿಸಬಾರದು ಎಂದು ನಿರ್ಣಯ ಮಾಡಿತು. ಮದುವೆಗಳೇನೂ ನಿಲ್ಲಲಿಲ್ಲ. ಪ್ಯೂ ಸಂಸ್ಥೆಯ 2020ರ ಸಮೀಕ್ಷೆಯಲ್ಲಿ, 2010ರಿಂದೀಚೆಗೆ ಮದುವೆಯಾದ ಅಮೆರಿಕದ ಯಹೂದಿಗಳಲ್ಲಿ ಶೇ. 61ರಷ್ಟು ಜನರ ಸಂಗಾತಿ ಯಹೂದಿಯಲ್ಲ. ರಿಫಾರ್ಮ್ ರಬ್ಬಿಗಳನ್ನು ತಯಾರು ಮಾಡುವ ಹೀಬ್ರೂ ಯೂನಿಯನ್ ಕಾಲೇಜು ಕೂಡ, ಬೇರೆ ಧರ್ಮದ ಸಂಗಾತಿ ಇರುವವರು ರಬ್ಬಿಯಾಗುವುದಕ್ಕಿದ್ದ ತಡೆಯನ್ನು 2024ರಲ್ಲಿ ತೆಗೆದುಹಾಕಿತು. ನೆಟ್‌ಫ್ಲಿಕ್ಸ್ ಸರಣಿ ಬಂದದ್ದೂ ಅದೇ ವರ್ಷ.

ಹೀಗಾಗಿ ‘ಮದುವೆಯೇ ಬೇಡ’ ಎಂಬ ದೂರು ಇದ್ದರೂ ಅದರ ಸದ್ದು ತಗ್ಗಿದೆ. ವಿಮರ್ಶಕರ ಕಣ್ಣು ಈಗ ಹೆಂಗಸರ ಪಾತ್ರಗಳ ಮೇಲೆ. ಸರಣಿಯಲ್ಲಿ ರಬ್ಬಿ ಮುದ್ದಾಗಿದ್ದಾನೆ, ಹೊರಗಿನ ಹುಡುಗಿ ಚುರುಕಾಗಿದ್ದಾಳೆ. ಅವನ ತಾಯಿ, ಅತ್ತಿಗೆ, ಹಳೆಯ ಗೆಳತಿ ಮಾತ್ರ ಗೊಣಗುವವರು, ಹಟದವರು. ಒಂದು ದೃಶ್ಯದಲ್ಲಿ ಹುಡುಗಿ ಅವನ ಮನೆಗೆ ಗೊತ್ತಿಲ್ಲದೆ, ಯಹೂದಿಗಳಿಗೆ ನಿಷಿದ್ಧವಾದ ಹಂದಿಮಾಂಸ ತರುತ್ತಾಳೆ. ಎಲ್ಲರ ಮುಂದೆ ಮುಖ ಸಿಂಡರಿಸಿದ ತಾಯಿ, ಆಮೇಲೆ ಅದನ್ನೇ ಕದ್ದು ತಿನ್ನುತ್ತಾ ಸಿಕ್ಕಿಬೀಳುತ್ತಾಳೆ. ನಗು ಬರುತ್ತದೆ, ನಿಜ. ಆದರೆ ಕಳ್ಳಿಯಾಗುವವಳು ತಾಯಿಯೇ.

ಸರಣಿಯ ಪರವಾಗಿ ಹೇಳುವುದೂ ಇದೆ. ಬರೆದ ಎರಿನ್ ಫಾಸ್ಟರ್ ಸ್ವತಃ ಮತಾಂತರವಾಗಿ ಯಹೂದಿಯನ್ನು ಮದುವೆಯಾದವರು. ಹೊರಗಿನಿಂದ ಬಂದವಳ ಕಣ್ಣಿಗೆ ಅತ್ತೆ ಹಾಗೆ ಕಂಡರೆ ಅಚ್ಚರಿಯಿಲ್ಲ. 2025ರ ಅಕ್ಟೋಬರ್‌ನಲ್ಲಿ ಎರಡನೇ ಸೀಸನ್ ಬಂದಾಗ ವಿಮರ್ಶಕರು ಇನ್ನೊಂದು ದೂರು ಸೇರಿಸಿದರು: ಪಾಡ್‌ಕಾಸ್ಟ್ ಹುಡುಗಿ ಮತಾಂತರವಾಗುತ್ತಾಳಾ ಇಲ್ಲವಾ ಎಂಬ ಒಂದೇ ಪ್ರಶ್ನೆಯ ಸುತ್ತ ಕಥೆ ಗಿರಕಿ ಹೊಡೆಯುತ್ತಿದೆ.